ನೆರೆಮನೆಯ ಹೇಳಿಕೆ

ಅಮೆರಿಕದ ಪಾಲೋ ಆಲ್ಟೋದ ಒಂದು ಕಂಪನಿಯ ಲಾಬಿಯಲ್ಲಿ ಬಿಂದುಶ್ರೀಗೆ ಸೆಕ್ಯುರಿಟಿ ಕೆಲಸ. ನೀಲಿ ಬ್ಲೇಜರು ಹಾಕಿಕೊಂಡು ನಿಂತು, ಬ್ಯಾಡ್ಜು ಮರೆತು ಬಂದ ಎಂಜಿನಿಯರುಗಳಿಗೆ ಒಂದು ದಿನದ ಸ್ಟಿಕ್ಕರು ಕೊಟ್ಟು ಒಳಗೆ ಬಿಡಬೇಕು. ಎವರ್‌ಗ್ರೀನ್ ಬಡಾವಣೆಯ ಅವಳ ಬೀದಿಯವರಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಮದ್ದೂರಿನ ಹತ್ತಿರದ ಹಳ್ಳಿಯಿಂದ ಹೋಗಿ, ಸಾವಿರಾರು ಹುಡುಗಿಯರ ಜೊತೆ ನೇಮಕಾತಿಯ ಓಟ ಓಡಿ, ಕೇಂದ್ರ ಸರ್ಕಾರದ ಪೊಲೀಸ್ ಪಡೆಗೆ ಸೇರಿ ಒಂಬತ್ತು ವರ್ಷ ಖಾಕಿ ತೊಟ್ಟವಳು ಅವಳು ಎಂಬುದು ಗಂಡ ರಮೇಶನನ್ನು ಬಿಟ್ಟರೆ ಯಾರಿಗೂ ಅಷ್ಟಾಗಿ ತಿಳಿದಿರಲಿಲ್ಲ.

ಅವಳ ತುಕಡಿಯಲ್ಲಿ ನೂರು ಜನ ಇರಬೇಕಾದ ಕಡೆ ಅರವತ್ತು ಚಿಲ್ಲರೆ ಜನ ಇರುತ್ತಿದ್ದರು. ಖಾಲಿ ಹುದ್ದೆ ತುಂಬುತ್ತೇವೆ ಎಂಬ ಸುತ್ತೋಲೆ ವರ್ಷಾ ವರ್ಷ ಬರುತ್ತಿತ್ತು, ಜನ ಬರುತ್ತಿರಲಿಲ್ಲ. ಎಂಟು ಗಂಟೆಯ ಡ್ಯೂಟಿ ಹನ್ನೆರಡಾಗುತ್ತಿತ್ತು. ಸ್ವಂತ ತಂಗಿಯ ಮದುವೆಗೂ ಅವಳಿಗೆ ರಜೆ ಸಿಗಲಿಲ್ಲ. ಆದರೂ ಬೆಳಗ್ಗೆ ಬೆಲ್ಟು ಬಿಗಿದು ಟೋಪಿ ಇಟ್ಟುಕೊಂಡಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತಲ್ಲ, ಆ ಸುಖ ಅಮೆರಿಕಕ್ಕೆ ಬಂದ ಮೇಲೆ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಮೂರೂವರೆ ವರ್ಷದ ಹಿಂದೆ, ಗ್ರೀನ್ ಕಾರ್ಡು ಕೈಗೆ ಬಂದ ತಿಂಗಳೇ, ಕೊಲ್ಲಿಯ ಆಚೆ ದಡದ ಒಂದು ಸಣ್ಣ ಊರಿನ ಪೊಲೀಸ್ ಇಲಾಖೆಗೆ ಅವಳು ಅರ್ಜಿ ಹಾಕಿದ್ದಳು. ಅಲ್ಲೂ ಜನ ಸಾಲದು. ಫ್ರೀವೇ ಪಕ್ಕದಲ್ಲೇ ದೊಡ್ಡ ಬೋರ್ಡು ಹಾಕಿ ಬನ್ನಿ ಬನ್ನಿ ಎಂದು ಕರೆಯುತ್ತಿದ್ದರು. ಬಿಂದುಶ್ರೀ ಲಿಖಿತ ಪರೀಕ್ಷೆ ಪಾಸಾದಳು. ಆರಡಿ ಗೋಡೆ ಹಾರಿದಳು. ಆಳೆತ್ತರದ ಭಾರದ ಬೊಂಬೆಯನ್ನು ದರದರ ಎಳೆದಳು. ಕೊನೆಗೆ ಹಿನ್ನೆಲೆ ತಪಾಸಣೆಯಲ್ಲಿ ಸಿಕ್ಕಿಕೊಂಡಳು. ಹಳೆಯ ಪಡೆಯಿಂದ ಸೇವಾ ದೃಢೀಕರಣ ಪತ್ರ ಬರಬೇಕಿತ್ತು. ಬರಲಿಲ್ಲ. ತೊಂಬತ್ತು ದಿನ ಕಾದು ಇಲಾಖೆಯವರು ಫೈಲು ಮುಚ್ಚಿದರು.

"ಹೋಗ್ಲಿ ಬಿಡು ಬಿಂದು, ಬೇರೆ ಊರಿಗೆ ಹಾಕಿದ್ರಾಯ್ತು," ಅಂದ ರಮೇಶ.

"ಆಯ್ತು ಬಿಡ್ರಿ," ಅಂದಳು. ಆದರೆ ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ.

ಪಕ್ಕದ ಮನೆಯ ನಿಸರ್ಗಾ ಇವಳ ಬಾಗಿಲಿಗೆ ಬಂದದ್ದು ಅದಾದ ಒಂದೂವರೆ ವರ್ಷಕ್ಕೆ. ಮೈಸೂರಿನ ಡಾಕ್ಟರು ಶೇಷಗಿರಿ ಮತ್ತು ರಮಾ ದಂಪತಿಯ ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷದವಳು. ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

"ಬಿಂದು ಆಂಟಿ, ಐ ಆ್ಯಮ್ ಅಪ್ಲೈಯಿಂಗ್ ಟು ದ ಪೊಲೀಸ್. ನೀವು ಮೊದ್ಲು ಪೊಲೀಸ್ ಆಗಿದ್ರಂತೆ? ರಮೇಶ್ ಅಂಕಲ್ ಹೇಳಿದ್ರು. ವಿಲ್ ಯೂ ಟ್ರೇನ್ ಮಿ?"

ಅವಳು ಹೇಳಿದ್ದು ಕೊಲ್ಲಿಯಾಚೆಯ ಅದೇ ಇಲಾಖೆ. ಬಿಂದುಶ್ರೀಗೆ ಆಗಲ್ಲ ಅಂದುಬಿಡಬೇಕು ಅನ್ನಿಸಿತು. ಆದರೂ ಬಾಯಿ ಮಾತ್ರ "ನಾಳೆ ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಬಾ ಪುಟ್ಟಿ" ಅಂದಿತು.

ಎರಡು ತಿಂಗಳು ಓಡಿಸಿದಳು. ಮೊದಲ ವಾರ ಹುಡುಗಿ ಏದುಸಿರು ಬಿಟ್ಟು ಹುಲ್ಲಿನ ಮೇಲೆ ಬಿದ್ದಾಗ ಬಿಂದುಶ್ರೀಗೆ ಒಳಗೊಳಗೇ ಖುಷಿಯಾಯಿತು. ಇದು ಇವಳ ಕೈಲಾಗುವುದಿಲ್ಲ ಅಂದುಕೊಂಡಳು. ಐದನೆಯ ವಾರ ಹುಡುಗಿ ಗೋಡೆಯನ್ನು ಬೆಕ್ಕಿನ ಹಾಗೆ ಹಾರಿದಳು. ಹಾರಲು ಕಲಿಸಿದವಳು ತಾನೇ ಎಂಬ ಹೆಮ್ಮೆ ಒಂದು ಗಳಿಗೆ ಬಂತು, ಮರುಗಳಿಗೆಯೇ ಹೊಟ್ಟೆ ಉರಿಯಿತು. ಇವಳ ಕಾಗದಪತ್ರಗಳೆಲ್ಲ ಇದೇ ಊರಿನಲ್ಲಿವೆ. ಹುಟ್ಟಿದ ಆಸ್ಪತ್ರೆ, ಓದಿದ ಸ್ಕೂಲು, ಬೇಸಿಗೆ ರಜೆಯಲ್ಲಿ ಐಸ್‌ಕ್ರೀಮ್ ಮಾರಿದ ಅಂಗಡಿ, ಎಲ್ಲ ಒಂದೇ ಫೋನಿನಲ್ಲಿ ಸಿಗುತ್ತವೆ. ಇವಳಿಗಾಗಿ ಯಾರೂ ಸಮುದ್ರದಾಚೆಗೆ ಕಾಗದ ಬರೆದು ಕಾಯಬೇಕಿಲ್ಲ.

ನಿಸರ್ಗಾ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದಳು. ಒಂದು ಶನಿವಾರ ಮಧ್ಯಾಹ್ನ ಡೆಲ್ಗಾಡೊ ಎಂಬಾತ ಬಿಂದುಶ್ರೀಯ ಬಾಗಿಲು ತಟ್ಟಿದ. ಅರವತ್ತು ದಾಟಿದ ನಿವೃತ್ತ ಪೊಲೀಸ್. ಜನ ಸಾಲದೆ ತಪಾಸಣೆ ಕೆಲಸಕ್ಕೆ ಇಲಾಖೆ ಅವನನ್ನು ಮತ್ತೆ ಕರೆಸಿಕೊಂಡಿತ್ತು. ಅರ್ಜಿದಾರರ ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳುವುದು ಅಲ್ಲಿನ ನಿಯಮ. ಬಿಂದುಶ್ರೀ ಕಾಫಿ ಕೊಟ್ಟಳು. ಹುಡುಗಿ ಕುಡಿಯುತ್ತಾಳಾ, ಜಗಳಗಂಟಿಯಾ, ಸುಳ್ಳು ಹೇಳುತ್ತಾಳಾ ಎಂದು ಒಂದೊಂದಾಗಿ ಕೇಳಿದ. ಇಲ್ಲ, ಇಲ್ಲ, ಇಲ್ಲ ಅಂದಳು.

"ಕೊನೆಯ ಪ್ರಶ್ನೆ," ಅಂದ ಡೆಲ್ಗಾಡೊ. "ನಿಮ್ಮ ಮನೆಗೆ ಕಳ್ಳ ನುಗ್ಗಿದ್ದಾನೆ, ನೀವು ಫೋನು ಮಾಡಿದ್ದೀರಿ. ಬರುವ ಆಫೀಸರು ಇವಳೇ ಆಗಿದ್ದರೆ ನಿಮಗೆ ಧೈರ್ಯವೇ?"

ಇವಳೇ ಬರಲಿ ಎಂಬುದು ಸತ್ಯವಾದ ಉತ್ತರ. ಎರಡು ತಿಂಗಳಲ್ಲಿ ಅವಳು ಹುಡುಗಿಯನ್ನು ಒಳಹೊರಗೆ ನೋಡಿದ್ದಳು. ಬಿಂದುಶ್ರೀ ಲೋಟ ಕೆಳಗಿಟ್ಟು, "ಒಳ್ಳೆ ಹುಡುಗಿ. ಆದರೆ ಸುಖದಲ್ಲಿ ಬೆಳೆದವಳು ನೋಡಿ, ಕಷ್ಟ ಬಂದರೆ ಕೈಚೆಲ್ಲುತ್ತಾಳೇನೋ ಅಂತ ನನಗೆ ಅನುಮಾನ," ಅಂದಳು.

ಡೆಲ್ಗಾಡೊ ಬರೆದುಕೊಂಡ. ಪೆನ್ನು ಓಡುವುದನ್ನು ಅವಳು ನೋಡುತ್ತ ಕೂತಳು.

ಮೂರು ವಾರ ಕಳೆಯಿತು, ಐದಾಯಿತು. ಪೊಲೀಸ್ ಅಕಾಡೆಮಿಯ ತರಬೇತಿ ತಂಡದ ಪಟ್ಟಿ ಹೊರಬಿತ್ತು, ಅದರಲ್ಲಿ ನಿಸರ್ಗಾಳ ಹೆಸರಿರಲಿಲ್ಲ. ಸಂಜೆ ಬಂದು ಬಿಂದುಶ್ರೀಯ ಅಡುಗೆಮನೆಯಲ್ಲಿ ಅತ್ತಳು. "ವಾಟ್ ಡಿಡ್ ಐ ಡೂ ರಾಂಗ್, ಆಂಟಿ? ಫೈಲು ಪೆಂಡಿಂಗ್ ಅಂತಾರೆ, ವೈ ಅಂತ ಹೇಳಲ್ಲ." ಬಿಂದುಶ್ರೀ ಬೆನ್ನು ಸವರಿದಳು. ತನ್ನ ಸಂಕಟ ಈಗ ಇವಳಿಗೂ ತಿಳಿಯಿತು ಎಂದು ಹಾಯೆನಿಸಿತು. ಆ ಹಾಯಿ ಒಂದೇ ದಿನ ಉಳಿಯಿತು. ಮಾರನೆಯ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ನಿಸರ್ಗಾ ಒಬ್ಬಳೇ ಬೂಟು ಕಟ್ಟಿಕೊಂಡು ಓಡಲು ಹೊರಟಿದ್ದಳು. ಬಿಂದುಶ್ರೀ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತಾನಾದರೋ ಫೈಲು ಮುಚ್ಚಿದ ದಿನವೇ ಬೂಟನ್ನು ಗ್ಯಾರೇಜಿಗೆ ಎಸೆದಿದ್ದಳು.

ಕೆಲಸದ ನಡುವೆ ಲಾಬಿಯ ಹೊರಗೆ ನಿಂತು ಡೆಲ್ಗಾಡೊಗೆ ಫೋನು ಮಾಡಿದಳು.

"ಸರ್, ನಾನು ಕೊಟ್ಟ ಹೇಳಿಕೆಯ ಕೊನೆಯ ಮಾತು ಸುಳ್ಳು. ಹೊಟ್ಟೆಕಿಚ್ಚಿಗೆ ಹೇಳಿದೆ. ಅವಳು ಕೈಚೆಲ್ಲುವವಳಲ್ಲ."

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಡೆಲ್ಗಾಡೊ ಹೇಳಿದ: "ತಿದ್ದಿಕೊಳ್ಳುತ್ತೇನೆ. ಆದರೆ ಅಮ್ಮಾ, ಆ ಫೈಲು ನಿಂತದ್ದು ನಿಮ್ಮ ಮಾತಿನಿಂದಲ್ಲ. ಎಪ್ಪತ್ತು ಫೈಲಿಗೆ ನಾವಿಬ್ಬರೇ ಇದ್ದೇವೆ. ಅವಳದು ಇನ್ನೂ ಅಡಿಯಲ್ಲಿದೆ. ನಿಮ್ಮ ಹೇಳಿಕೆಯನ್ನು ಇನ್ನೂ ಟೈಪು ಕೂಡ ಮಾಡಿಲ್ಲ."

ತಾನು ಮಾಡಿದ ದ್ರೋಹಕ್ಕೂ ಬೆಲೆ ಇಲ್ಲದೆ ಹೋಯಿತಲ್ಲ ಎಂದು ಬಿಂದುಶ್ರೀಗೆ ನಾಚಿಕೆಯ ಮೇಲೆ ನಾಚಿಕೆಯಾಯಿತು. ಡೆಲ್ಗಾಡೊ ಅವಳ ಹೆಸರನ್ನು ಮತ್ತೊಮ್ಮೆ ಕೇಳಿ, ಈ ಹೆಸರು ಹಳೆಯ ಅರ್ಜಿಗಳಲ್ಲಿ ನೋಡಿದ ನೆನಪು ಎಂದು ಹುಡುಕಿ, "ನಿಮ್ಮ ಹಳೆಯ ಫೈಲಿಗೆ ಇಂಡಿಯಾದಿಂದ ಒಂದು ಪತ್ರ ಬಂದಿದೆ. ಮುಚ್ಚಿ ಹನ್ನೊಂದು ದಿನಕ್ಕೆ ಬಂದದ್ದು. ಯಾರೂ ತೆರೆದು ನೋಡಿಲ್ಲ. ಮತ್ತೆ ಅರ್ಜಿ ಹಾಕಿ," ಅಂದ.

ಹಾಕಿದಳು. ಆದರೆ ಕಳೆದ ವರ್ಷದಿಂದ ಬಲ ಭುಜ ಹಿಡಿದುಕೊಂಡಿತ್ತು. ಪರೀಕ್ಷೆಯ ದಿನ ಗೋಡೆಯ ಮೇಲೆ ಕೈ ಊರಿದಳು, ಮೈ ಏಳಲಿಲ್ಲ. ಎರಡನೆಯ ಅವಕಾಶ ಕೊಟ್ಟರು, ಆಗಲೂ ಏಳಲಿಲ್ಲ. ಬೂಟು ಬಿಚ್ಚಿ ಕಾರಿನಲ್ಲಿ ಕೂತವಳು ರಮೇಶನಿಗೆ ಹೇಳಿದ್ದು ಒಂದೇ ಮಾತು: "ಮುಗೀತು ಕಣ್ರೀ."

ಆ ವಾರವೇ ನಿಸರ್ಗಾಳಿಗೆ ಎಲ್ಲವನ್ನೂ ಹೇಳಿದಳು. ಹೇಳದೆ ಇರಬಹುದಿತ್ತು, ಫೈಲಂತೂ ಮುಂದಕ್ಕೆ ಹೋಗಿತ್ತು. ಹುಡುಗಿ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. "ನಾನು ನಿಮ್ಮನೇಲಿ ಅತ್ತಾಗ್ಲೂ ಯೂ ನ್ಯೂ?" ಅಂದಳು. ಬಿಂದುಶ್ರೀ ಹೂಂ ಅಂದಳು. ನಿಸರ್ಗಾ ಎದ್ದು ಹೋದಳು. ಒಂಬತ್ತು ತಿಂಗಳು ಮಾತಿಲ್ಲ. ಅಕಾಡೆಮಿ ಮುಗಿಸಿದ ದಿನದ ಫೋಟೋ ಬೀದಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಂತು. ಬಿಂದುಶ್ರೀ ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಬೆಲ್ಟು ಒಂದಿಂಚು ಮೇಲಾಗಿದೆ ಅನ್ನಿಸಿತು. ಅಷ್ಟು ತಪ್ಪು ಸಿಕ್ಕಿದ್ದಕ್ಕೆ ಸಮಾಧಾನವಾಯಿತು.

ಮೊನ್ನೆ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ನಿಸರ್ಗಾ ಯೂನಿಫಾರ್ಮಿನಲ್ಲೇ ಬಂದು ಇವರ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಲಾಖೆಯಲ್ಲಿ ಹನ್ನೆರಡು ಹುದ್ದೆ ಖಾಲಿ. ವಾರದಲ್ಲಿ ಮೂರನೆಯ ಸಲ ಅವಳನ್ನು ಪಾಳಿ ಮುಗಿದ ಮೇಲೂ ನಿಲ್ಲಿಸಿಕೊಂಡಿದ್ದರು. ಬೂಟು ಕಿತ್ತಾಗ ಪಾದ ಊದಿ ಕೆಂಪಾಗಿತ್ತು.

"ಹೌ ಡಿಡ್ ಯೂ ಡೂ ದಿಸ್ ಫಾರ್ ನೈನ್ ಇಯರ್ಸ್?"

"ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು. ನಾಳೆಯಿಂದ ಎರಡು ಜೊತೆ ಸಾಕ್ಸು ಹಾಕ್ಕೋ, ಒಳಗಡೆಯದು ತೆಳ್ಳಗಿರಲಿ."

"ನಾನಿನ್ನೂ ಮರ್ತಿಲ್ಲ, ಆಂಟಿ," ಅಂದಳು ನಿಸರ್ಗಾ, ತಲೆ ಎತ್ತದೆ.

"ಮರೀಬೇಡ."

ಬಿಂದುಶ್ರೀ ಒಳಗೆ ಹೋಗಿ ಬೇಸಿನ್ನಿಗೆ ನೀರು ತುಂಬಿಸಿ ತಂದಳು. ಹುಡುಗಿ ಕಾಲಿಟ್ಟು ಕಣ್ಣು ಮುಚ್ಚಿದಳು. ಆ ಊದಿದ ಪಾದಗಳನ್ನು, ಹಿಮ್ಮಡಿಯ ಮೇಲಿನ ಬೊಬ್ಬೆಯನ್ನು ಬಿಂದುಶ್ರೀ ತುಂಬಾ ಹೊತ್ತು ನೋಡಿದಳು. ಅವುಗಳ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.