ಎಡಗೈ ತಿರುವಿನ ತಂತಿ

ಸಿನ್ನೋವೆಯನ್ನು ನಾನು ಮೊದಲ ಸಲ ಕಂಡ ದಿನ ಅವಳು ಗಂಡನನ್ನು ಬೈಯುತ್ತಿದ್ದಳು. ವೋಸ್ಲಿಯಾದ ಶಾಲೆಗೆ ನಾನು ಮೇಷ್ಟರಾಗಿ ಬಂದ ಬೇಸಿಗೆ ಅದು. ಊರಿನ ಮೇಲಿನ ಗುಡ್ಡದಲ್ಲಿ ಹುಲ್ಲಿನ ಕೊಯ್ಲು ನಡೆದಿತ್ತು. ನಾರ್ವೆಯ ಈ ಕಣಿವೆಗಳಲ್ಲಿ ಬಿಸಿಲನ್ನು ನಂಬಿ ಹುಲ್ಲನ್ನು ನೆಲದ ಮೇಲೆ ಬಿಡುವಂತಿಲ್ಲ. ಸಾಲಾಗಿ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ಒಂದರ ಮೇಲೊಂದರಂತೆ ಉಕ್ಕಿನ ತಂತಿ ಎಳೆದು, ಹಸಿ ಹುಲ್ಲನ್ನು ಒಗೆದ ಬಟ್ಟೆಯಂತೆ ಅದರ ಮೇಲೆ ಹರವಬೇಕು. ಒಣಗಿದ ಮೇಲೆ ಹುಲ್ಲನ್ನು ಇಳಿಸಿ, ತಂತಿಯನ್ನು ಬಿಚ್ಚಿ ಸುತ್ತಿಡಬೇಕು. ಕಟ್ಟುವ ಕೆಲಸ ಅವಳ ಗಂಡ ಎಂಬ್ರಿಕ್‌ನದು, ಬಿಚ್ಚುವುದು ಅವಳದು. ಎಂಬ್ರಿಕ್ ಎಡಚ.

"ಇಡೀ ಊರು ತಂತೀನ ಬಲಕ್ಕೆ ತಿರುಚಿದ್ರೆ ನೀನೊಬ್ಬ ಎಡಕ್ಕೆ ತಿರುಚ್ತೀಯ! ಬಿಚ್ಚೋಳು ನಾನು ತಾನೇ? ನೋಡು, ಮತ್ತೆ ಬೆರಳು ಕೊಯ್ತು," ಎಂದು ಅವಳು ರಕ್ತ ಚೀಪುತ್ತ ಕೂಗಿದಳು.

"ಸುಲಭವಾಗಿ ಬಿಚ್ಚೋಕಾಗದ ಹಾಗೆ ಕಟ್ಟಿದ್ದಕ್ಕೇ ನೀನಿನ್ನೂ ನನ್ನ ಜೊತೆ ಇರೋದು ಕಣೆ," ಎಂದ ಅವನು, ತಲೆ ಎತ್ತದೆ.

ಗುಡ್ಡದಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆ ದಂಪತಿಗಳ ಮಾತೇ ಹಾಗೆ, ಒಂದು ಏಟು ಇತ್ತ, ಒಂದು ಏಟು ಅತ್ತ.

ಕಾಲ ಸರಿದಂತೆ ಮೇಲಿನ ಹುಲ್ಲುಗಾವಲುಗಳು ಒಂದೊಂದಾಗಿ ಪಾಳು ಬಿದ್ದವು. ಕೆಳಗಿನ ಹೊಲದ ಹುಲ್ಲನ್ನೇ ಯಂತ್ರ ಕೊಯ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉರುಳಿಸಿಬಿಡುತ್ತಿತ್ತು. ಗುಡ್ಡ ಹತ್ತುವ ಕಷ್ಟ ಯಾರಿಗೂ ಬೇಡವಾಯಿತು. ಆದರೆ ಪ್ರತಿಯೊಬ್ಬನೂ "ಬರೋ ಬೇಸಿಗೆಗೆ ಬೇಕಾದ್ರೆ ಇರಲಿ" ಎಂದು ತಂತಿಯನ್ನು ಕಂಬದಲ್ಲೇ ಬಿಟ್ಟು ಇಳಿದು ಬಂದ. ಆ ಬೇಸಿಗೆ ಬರಲೇ ಇಲ್ಲ. ಕಂಬಗಳು ಕೊಳೆತು ಬಿದ್ದವು, ತಂತಿ ಹುಲ್ಲಿನಲ್ಲಿ ಮುಚ್ಚಿಹೋಯಿತು.

ಒಂದು ಶರತ್ಕಾಲ ಊರಿನ ಬೇಟೆಯ ತಂಡಕ್ಕೆ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಕರುವೊಂದು ಸಿಕ್ಕಿತು. ಹಿಂಗಾಲಿಗೆ ತಂತಿ ಸುತ್ತಿ, ಮಾಂಸ ಕೊರೆದು, ಮೂಳೆಗೆ ಕಚ್ಚಿಕೊಂಡಿತ್ತು. ಕರುವಿಗೆ ಇನ್ನೂ ಜೀವವಿತ್ತು. ಅದನ್ನು ಕೊನೆಗಾಣಿಸಿದವನು ಎಂಬ್ರಿಕ್. ಅಂದು ಸಂಜೆ ತಂಡದವರೆಲ್ಲ ಸೇರಿದಾಗ ಅವನು ಎದ್ದು ನಿಂತ.

"ಹುಲ್ಲುಗಾವಲು ಬಿಡ್ತೀರಾ, ಬಿಡಿ. ತಂತಿ ಬಿಟ್ಟು ಬರಬೇಡಿ. ಕಾಡಲ್ಲಿ ತಂತಿ ಬಿಟ್ಟೋನಿಗೆ ನಮ್ಮ ತಂಡದಲ್ಲಿ ಜಾಗ ಬೇಡ. ಅವನು ನಮ್ಮಪ್ಪನೇ ಆಗಿರಲಿ."

ಎಲ್ಲರೂ ಕೈ ಎತ್ತಿದರು. ಹಿಂದೆ ಬಿಟ್ಟ ತಂತಿಯ ಮಾತನ್ನು ಯಾರೂ ಎತ್ತಲಿಲ್ಲ, ಮುಂದಕ್ಕೆ ಅದೇ ತಂಡದ ಕಟ್ಟಳೆಯಾಯಿತು. ಈ ಊರಿನಲ್ಲಿ ತಂಡದಿಂದ ಹೊರಬಿದ್ದವನಿಗೆ ತಪ್ಪುವುದು ಚಳಿಗಾಲದ ಮಾಂಸವೊಂದೇ ಅಲ್ಲ. ಬೆಂಕಿಯ ಸುತ್ತಲಿನ ಜಾಗವೂ ತಪ್ಪುತ್ತದೆ. ಆಮೇಲೆ ಅವನ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

ಎಂಬ್ರಿಕ್ ಕೂಡ ಆ ವರ್ಷವೇ ಮೇಲಿನ ಹುಲ್ಲುಗಾವಲನ್ನು ಬಿಟ್ಟ. ತಂತಿ ಸುತ್ತಲು ಒಬ್ಬನೇ ಹೋದ. ಸಿನ್ನೋವೆ ಜೊತೆಗೆ ಹೊರಟರೆ ಬೇಡವೆಂದ. ಸಂಜೆ ಹಿಂತಿರುಗಿ ಮೆಟ್ಟಿಲ ಮೇಲೆ ಕುಳಿತವನು ಬಹಳ ಹೊತ್ತು ಬೂಟು ಕಳಚಲಿಲ್ಲ.

"ಮುಗೀತಾ?"

"ಮುಗೀತು."

"ಎಲ್ಲಾನೂ?"

"ಮುಗೀತು ಅಂದ್ನಲ್ಲ ಮಾರಾಯ್ತಿ."

ಹಿಮ ಕರಗುವ ಮೊದಲೇ ಅವನ ಎದೆಬಡಿತ ನಿಂತುಹೋಯಿತು. ತಂಡದಲ್ಲಿ ಅವನ ಜಾಗವನ್ನೂ ಅವನ ಕೋವಿಯನ್ನೂ ಸಿನ್ನೋವೆ ವಹಿಸಿಕೊಂಡಳು. ಹೆಚ್ಚು ಮಾತಿಲ್ಲದೆ, ಗುರಿ ತಪ್ಪದೆ, ಅವಳು ಅವರಲ್ಲೊಬ್ಬಳಾದಳು. ಎಂಬ್ರಿಕ್‌ನ ತಮ್ಮ ಸೀವರ್ ತಂಡದ ಮುಖ್ಯಸ್ಥ. ಹೊಸಬರು ಬಂದಾಗಲೆಲ್ಲ ಅವನು ಅಣ್ಣನ ಕಟ್ಟಳೆಯನ್ನು ಹೇಳಿ, "ಹೇಳಿದ್ದನ್ನ ಮಾಡ್ತಿದ್ದ ಮನುಷ್ಯ ಅಂದ್ರೆ ಅವನೊಬ್ಬ" ಎನ್ನುತ್ತಿದ್ದ. ಅದನ್ನು ಕೇಳಿದಾಗ ಸಿನ್ನೋವೆ ಕೈಯಲ್ಲಿದ್ದ ಕೆಲಸ ನಿಲ್ಲಿಸದಿದ್ದರೂ ಅವಳ ಮುಖ ಅರಳುತ್ತಿತ್ತು.

ಇನ್ನು ಹೇಳಬೇಕಾದ್ದು ಎಂಬ್ರಿಕ್ ಸತ್ತು ಹಲವು ವರ್ಷಗಳ ಮೇಲೆ ಬಂದ ಒಂದು ಕೆಟ್ಟ ಶರತ್ಕಾಲದ ಸಂಗತಿ, ಮುಂದೆ ಸಿನ್ನೋವೆಯೇ ನನಗೆ ಹೇಳಿದ್ದು. ಗಂಡು ಎಲ್ಕ್‌ಗಳು ಹೆಣ್ಣಿಗಾಗಿ ಕಾದಾಡುವ ಕಾಲ. ಬೆಳಿಗ್ಗೆ ಬೆಂಕಿಯ ಮೇಲೆ ಕರಿ ಕೆಟಲ್ ಕುದಿಯುತ್ತಿತ್ತು. ಬೇಟೆಗಾರರು ತೆಳು ರೊಟ್ಟಿಯೊಳಗೆ ಕಂದು ಚೀಸ್ ಇಟ್ಟುಕೊಂಡು ತಿನ್ನುತ್ತ, ತಾವು ಕಂಡ ವಿಚಿತ್ರ ಸಾವುಗಳ ಮಾತಿಗಿಳಿದಿದ್ದರು. ಒಂದು ಎಲ್ಕ್ ಕೊಳೆತ ಸೇಬು ತಿಂದು ಅಮಲೇರಿ, ಕವಲೊಡೆದ ಬರ್ಚ್ ಮರದ ನಡುವೆ ಕುತ್ತಿಗೆ ತೂರಿಸಿ ಅಲ್ಲೇ ಸತ್ತಿತ್ತು. ಇನ್ನೊಂದು, ಕೆರೆಯ ಮಂಜುಗಡ್ಡೆ ಒಡೆದು ಮುಳುಗಿ, ವಸಂತದವರೆಗೂ ಬರೀ ಕೊಂಬು ಕಾಣುವಂತೆ ನಿಂತಿತ್ತು. ಮತ್ತೊಂದು ಯಾರದೋ ಅಂಗಳದ ಉಯ್ಯಾಲೆಯ ಹಗ್ಗಕ್ಕೆ ಸಿಕ್ಕಿಬಿದ್ದಿತ್ತು.

"ಅದು ಅಸ್ಲಾಕ್‌ನ ಅಂಗಳ ಇರಬೇಕು. ಅಲ್ಲಿ ಎಲ್ಕ್ ಏನು, ಆನೆ ಸಿಕ್ಕಿಬಿದ್ರೂ ಗೊತ್ತಾಗಲ್ಲ," ಎಂದ ಸೀವರ್.

ಅಸ್ಲಾಕ್ ಸಿನ್ನೋವೆಯ ನೆರೆಯವ, ಒಂಟಿ ಮನುಷ್ಯ. ಅವನ ಅಂಗಳದಲ್ಲಿ ತುಕ್ಕು ಹಿಡಿದ ಟ್ರ್ಯಾಕ್ಟರಿನೊಳಗೆ ಗಿಡ ಬೆಳೆದು, ಅದರಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಮೇಲಿನ ಗುಡ್ಡದಲ್ಲೂ ಇಬ್ಬರ ಹುಲ್ಲುಗಾವಲು ಒತ್ತೊತ್ತಾಗಿದ್ದವು.

"ಆನೆ ಸಿಕ್ಕಿದ್ರೆ ಹೇಳಿ ಕಳಿಸ್ತೀನಿ ಬಿಡು," ಎಂದ ಅಸ್ಲಾಕ್. "ನಿನ್ನ ಪಾಲಿಗೆ ಬಾಲ."

ಅಷ್ಟರಲ್ಲಿ ಜೌಗಿನ ಆಚೆ ಕಾಗೆಗಳು ಏಳುತ್ತ ಇಳಿಯುತ್ತ ಕೂಗತೊಡಗಿದವು. ನಾಯಿ ಹಗ್ಗ ಜಗ್ಗಿತು.

ಜೌಗಿನ ಅಂಚಿನಲ್ಲಿ ಎರಡು ಗಂಡು ಎಲ್ಕ್‌ಗಳಿದ್ದವು. ಎಲ್ಕ್ ಎಂದರೆ ಕಡವೆಯನ್ನು ಕುದುರೆಗಿಂತ ಎತ್ತರ ಬೆಳೆಸಿ, ತಲೆಯ ಮೇಲೆ ಎರಡು ಮೊರ ಇಟ್ಟಂಥ ಪ್ರಾಣಿ. ಒಂದು ನೀರಿನಲ್ಲಿ ಅರ್ಧ ಮುಳುಗಿ ಸತ್ತು ಊದಿತ್ತು. ಅದರ ಕಣ್ಣನ್ನು ಕಾಗೆಗಳು ತಿಂದಿದ್ದವು. ಇನ್ನೊಂದು ನಿಂತಿತ್ತು. ಪಕ್ಕೆಲುಬು ಎಣಿಸುವಂತಾಗಿ, ತಲೆ ನೆಲಕ್ಕೆ ಬಾಗಿ, ಸತ್ತದ್ದರ ಕೊಂಬಿಗೆ ಕೊಂಬು ಕೊಟ್ಟು ನಿಂತಿತ್ತು. ಅದರ ಸುತ್ತ ನೆಲ ಕಲಸಿ ಕೆಸರಾಗಿತ್ತು. ಹಗ್ಗ ಕಟ್ಟಿದ ದನ ಗೂಟದ ಸುತ್ತ ಮೇಯ್ದಂತೆ, ಎಟುಕಿದಷ್ಟು ದೂರ ಪಾಚಿ, ಕಡ್ಡಿ, ಮರದ ತೊಗಟೆ ಎಲ್ಲವನ್ನೂ ಅದು ತಿಂದು ಮುಗಿಸಿತ್ತು. ಮನುಷ್ಯರನ್ನು ಕಂಡು ಓಡಲು ನೋಡಿತು. ಹೆಣ ಅಲುಗಲಿಲ್ಲ.

"ಕಾದಾಡ್ತಾ ಕೊಂಬು ಸಿಕ್ಕಿಹಾಕ್ಕೊಂಡಿದೆ," ಎಂದ ಸೀವರ್. ಕೋವಿ ಎತ್ತಿ ಅದರ ಸಂಕಟ ಮುಗಿಸಿದ.

ಹತ್ತಿರ ಹೋದಾಗ ಕಂಡದ್ದು ತಂತಿ. ಎರಡರ ಕೊಂಬುಗಳನ್ನೂ ಸುತ್ತಿ, ಒಂದರ ಮೂತಿಯನ್ನು ಹಲ್ಲಿನವರೆಗೆ ಕೊಯ್ದು, ಉಳಿದ ಎಳೆ ಕೆಸರಿನಲ್ಲಿ ಹಾವಿನಂತೆ ಬಿದ್ದಿತ್ತು. ಎಲ್ಲಿಂದಲೋ ಎಳೆದು ತಂದಿದ್ದವು.

ಸೀವರ್ ತಿರುಗಿ ಅಸ್ಲಾಕ್‌ನನ್ನು ನೋಡಿದ. "ನಿಂದು."

"ನಂದಲ್ಲ."

"ಮತ್ತೆ ಯಾರದು, ದೆವ್ವದ್ದಾ? ಈ ಜೌಗಿನ ಪಕ್ಕದ ಗುಡ್ಡದ ಮೇಲೆ ಇರೋದೇ ಎರಡು ಹುಲ್ಲುಗಾವಲು. ಒಂದು ನಿಂದು. ಇನ್ನೊಂದರ ತಂತೀನ ಎಂಬ್ರಿಕ್ ಸುತ್ತಿಟ್ಟ."

"ನಾನೂ ಸುತ್ತಿದ್ದೆ. ಅಂಗಳದಲ್ಲಿ ಎಲ್ಲೋ ಇರಬೇಕು."

"ಎಲ್ಲೋ!" ಯಾರೋ ನಕ್ಕರು. ಆ ನಗು ಅಸ್ಲಾಕ್‌ನ ಪರವಾಗಿರಲಿಲ್ಲ.

ಸಿನ್ನೋವೆ ಇಕ್ಕಳ ಹಿಡಿದು ಮಂಡಿಯೂರಿ ತಂತಿ ಕತ್ತರಿಸುತ್ತಿದ್ದಳು. ಒಂದು ಕೊನೆ ಕೈಗೆ ಬಂತು. ಕಂಬಕ್ಕೆ ಸುತ್ತಿ, ತನ್ನ ಮೇಲೆ ತಾನೇ ತಿರುಚಿಕೊಂಡಿದ್ದ ಕೊನೆ. ಬಿಡಿಸಲೆಂದು ಅವಳು ಬೆರಳು ಹಾಕಿದಳು. ಬೆರಳು ತಾನಾಗಿ ಹಿಮ್ಮುಖ ತಿರುಗಿತು. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗಿತ್ತು.

ಅವಳು ಆ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಮೂತಿ ಕೊಯ್ದುಹೋದ ಆ ತಲೆಯ ಪಕ್ಕ ಕುಳಿತು ಅವಳು ಯೋಚಿಸುತ್ತಿದ್ದುದು ಮೆಟ್ಟಿಲ ಮೇಲೆ ಬೂಟು ಕಳಚದೆ ಕುಳಿತವನನ್ನು. ಅಂದು ಅವನ ಮುಖ ಬೂದಿಯ ಬಣ್ಣಕ್ಕಿತ್ತು. ದಣಿವೆಂದು ಅವಳು ಕಾಫಿ ಕೊಟ್ಟಿದ್ದಳು. ಗುಡ್ಡದಲ್ಲಿ ಎದೆ ಹಿಡಿದುಕೊಂಡಿತೆಂದು ಹೇಳಿದರೆ ಅವಳು ಹೆದರಿಯಾಳು ಎಂದು, ಅವನು ಕೆಲಸ ಮುಗಿಯಿತೆಂದಿದ್ದ. ಅವಳ ಮೇಲಿನ ಪ್ರೀತಿಗೆ ಆಡಿದ ಸುಳ್ಳು, ಇಲ್ಲಿಯವರೆಗೆ ಬಂದು ನಿಂತಿತ್ತು.

ಸಂಜೆ ಮಾಂಸ ಕೊಯ್ಯುವ ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿದರು. ಅಸ್ಲಾಕ್ ಬಾಗಿಲ ಬಳಿಯ ಮರದ ಪೆಟ್ಟಿಗೆಯ ಮೇಲೆ, ಆಗಲೇ ಹೊರಗಿನವನಂತೆ ಕುಳಿತಿದ್ದ. ಸಿನ್ನೋವೆ ನಲ್ಲಿಯ ಬಳಿ ಕೈ ತೊಳೆಯುವಾಗ ಸೀವರ್ ಪಕ್ಕಕ್ಕೆ ಬಂದು ನಿಂತ.

"ಜೇಬಲ್ಲಿರೋದನ್ನ ಒಲೆಗೆ ಹಾಕು," ಎಂದ, ಕೆಳದನಿಯಲ್ಲಿ.

"ನೀನೂ ನೋಡ್ದಾ?"

"ಅವನ ಜೊತೆ ಆಡಿ ಬೆಳೆದೋನು ನಾನು. ಅವನ ತಿರುವು ನನಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಅಸ್ಲಾಕ್ ಮೇಲೆ ಹಾಕ್ದೆ."

"ಅಸ್ಲಾಕ್‌ಗೆ ಕಳ್ಕೊಳ್ಳೋಕೆ ಹೆಸರೇನಿದೆ ಹೇಳು? ಎಂಬ್ರಿಕ್‌ಗೆ ಉಳಿದಿರೋದೇ ಅದೊಂದು. ಸಿನ್ನೋವೆ, ಅವನು ನಿನ್ನ ಗಂಡ ಕಣೆ."

ಅವಳು ಕೈ ಒರೆಸಿಕೊಂಡಳು. ಅಸ್ಲಾಕ್‌ನನ್ನು ತೆಗೆಯಲು ಕಟ್ಟಳೆಯ ಪ್ರಕಾರ ಕೈ ಎತ್ತಿ ಎಂದು ಸೀವರ್ ಹೇಳುವಷ್ಟರಲ್ಲಿ ಮೇಜಿನ ಬಳಿ ಹೋಗಿ ತಂತಿಯ ತುಂಡನ್ನು ದೀಪದ ಕೆಳಗೆ ಇಟ್ಟಳು.

"ಇದು ಎಂಬ್ರಿಕ್‌ದು. ಎಡಕ್ಕೆ ತಿರುಚಿದೆ. ಬೇಕಾದ್ರೆ ಬಿಚ್ಚಿ ನೋಡಿ."

ಯಾರೂ ಮುಟ್ಟಲಿಲ್ಲ. ತಂತಿ ಕಟ್ಟಿ ಬೆಳೆದವರಿಗೆ ನೋಡಿದರೇ ಸಾಕಿತ್ತು.

"ಸತ್ತೋನ ಮೇಲೆ ಹೊರಿಸೋದು ಸುಲಭ," ಎಂದ ಸೀವರ್.

"ಸುಲಭ ಆಗಿದ್ರೆ ಬೆಳಿಗ್ಗೇನೇ ಹೇಳ್ತಿದ್ದೆ."

ಒಬ್ಬರು, ಸತ್ತವನನ್ನು ತಂಡದಿಂದ ತೆಗೆಯುವುದು ಹೇಗೆ, ಇದನ್ನು ಇಲ್ಲಿಗೇ ಬಿಟ್ಟುಬಿಡೋಣ ಎಂದರು. ಸಿನ್ನೋವೆ ಒಪ್ಪಲಿಲ್ಲ.

"ಹುಲ್ಲುಗಾವಲು ಈಗ ನಂದು. ತಂತೀನೂ ನಂದೇ. ಇಷ್ಟು ವರ್ಷ ಒಂದು ಸಲ ಹತ್ತಿ ನೋಡ್ಲಿಲ್ಲ ನಾನು. ಅಸ್ಲಾಕ್‌ಗೊಂದು ಕಟ್ಟಳೆ, ನನಗೊಂದಾ? ನನ್ನನ್ನ ತೆಗೆಯೋಕೆ ಕೈ ಎತ್ತಿ."

ಅವಳೇ ಮೊದಲು ಎತ್ತಿದಳು. ಬಹಳ ನಿಧಾನವಾಗಿ ಉಳಿದ ಕೈಗಳು ಎದ್ದವು. ಅಸ್ಲಾಕ್‌ನ ಕೈ ಮಡಿಲಲ್ಲೇ ಇತ್ತು. ಸೀವರ್‌ನ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು. ಅಂದಿನಿಂದ ಅವನು ಅವಳೊಡನೆ ಮಾತಾಡಿಲ್ಲ.

ಮರುದಿನ ಅವಳು ಗುಡ್ಡ ಹತ್ತಿದಳು. ಹಿಂದೆ ಯಾರೋ ಏದುಸಿರು ಬಿಡುತ್ತ ಬರುವುದು ಕೇಳಿಸಿತು.

"ನೀನ್ಯಾಕೆ ಬಂದೆ?"

"ನಾನು ಬರೀ ಸೋಮಾರಿ, ಕೊಲೆಗಾರ ಅಲ್ಲ ಅಂತ ಊರಿಗೆಲ್ಲ ನೀನು ತೋರಿಸಿಕೊಟ್ಟೆ," ಎಂದ ಅಸ್ಲಾಕ್. "ಅಷ್ಟಕ್ಕಾದ್ರೂ ಒಂದು ದಿನ ಕೆಲಸ ಮಾಡೋಣ ಅಂತ."

ಹುಲ್ಲುಗಾವಲು ಹೋಗಿ ಎಳೆ ಬರ್ಚ್ ಮರಗಳ ಕಾಡಾಗಿತ್ತು. ಮೊದಲ ಕಂಬ ಇದ್ದ ಕಡೆ, ಪಾಚಿಯ ಕೆಳಗೆ, ಚೆನ್ನಾಗಿ ಸುತ್ತಿಟ್ಟ ಒಂದೇ ಒಂದು ಸುರುಳಿ ತಂತಿ ಸಿಕ್ಕಿತು. ಅದರ ಪಕ್ಕದಲ್ಲಿ ಕೂರಲು ಹದವಾದ ಒಂದು ಕಲ್ಲು. ಎಂಬ್ರಿಕ್ ಅಷ್ಟು ಮಾಡಿ ಅಲ್ಲಿ ಕುಳಿತಿರಬೇಕು. ಸಿನ್ನೋವೆ ಆ ಕಲ್ಲಿನ ಮೇಲೆ ಕೂರಲಿಲ್ಲ. ಮುಂದೆ ಹೋಗಿ ಎರಡನೆಯ ಸಾಲನ್ನು ಎಳೆದಳು. ತಂತಿಯ ಜೊತೆ ನೆಲದಿಂದ ಒಂದು ದವಡೆ ಎದ್ದು ಬಂತು. ಹೆಣ್ಣು ಎಲ್ಕಿನದು, ಬಿಳಿಚಿಹೋದದ್ದು. ಅದರ ಪಕ್ಕದಲ್ಲೇ ಪೆನ್ಸಿಲ್ಲಿನಷ್ಟು ಸಣ್ಣ ಪಕ್ಕೆಲುಬುಗಳು. ತಾಯಿಗೆ ಸುತ್ತಿದ್ದ ತಂತಿ ಕರುವಿಗೆ ತಾಕಿರಲಿಲ್ಲ. ಅದು ಸುಮ್ಮನೆ ಅಮ್ಮನ ಬಳಿ ಉಳಿದಿತ್ತು, ಅಷ್ಟೇ.

ಅಸ್ಲಾಕ್ ಟೋಪಿ ತೆಗೆದ. ಸಿನ್ನೋವೆ, "ಇಕ್ಕಳ ಕೊಡು," ಎಂದಳು.

ಈಗ ಅವಳಿಗೆ ವಯಸ್ಸಾಗಿದೆ, ಸೊಂಟ ಬಾಗಿದೆ. ಎಂಬ್ರಿಕ್‌ನ ಕೋವಿಯನ್ನು ಸೀವರ್‌ನ ಮಗಳಿಗೆ ಕೊಟ್ಟುಬಿಟ್ಟಿದ್ದಾಳೆ. ತಂಡದವರು ಎರಡು ಸಲ ಹಿಂದಕ್ಕೆ ಕರೆದರೂ ಹೋಗಲಿಲ್ಲ. ತಮ್ಮ ಗುಡ್ಡದ ತಂತಿ ಮುಗಿದ ಮೇಲೆ ಅವಳು ಊರಿನವರ ಗುಡ್ಡಗಳಿಗೆ ಹೋದಳು, ಆಮೇಲೆ ಪಕ್ಕದ ಕಣಿವೆಗೆ. ಹಿಮ ಕರಗಿ ಹುಲ್ಲು ಏಳುವ ಮೊದಲಿನ ಕೆಲವೇ ವಾರ ತಂತಿ ಕಣ್ಣಿಗೆ ಬೀಳುತ್ತದೆ. ಆ ವಾರಗಳಲ್ಲಿ ಅವಳು ಮನೆಯಲ್ಲಿ ಸಿಗುವುದಿಲ್ಲ. ಅಸ್ಲಾಕ್ ದೂರುತ್ತ, ಬೆನ್ನು ಹಿಡಿದುಕೊಳ್ಳುತ್ತ ಹಿಂದೆ ಹೋಗುತ್ತಾನೆ.

ಈ ವಸಂತದಲ್ಲಿ ಅವಳು ಕೆರೆಯ ಆಚೆ ದಡದ, ವಾರಸುದಾರರಿಲ್ಲದ ಒಂದು ಹುಲ್ಲುಗಾವಲಿನಲ್ಲಿದ್ದಾಳೆ. ಮೊನ್ನೆ ನಾನು ದೋಣಿಯಲ್ಲಿ ರೊಟ್ಟಿ ಕೊಂಡುಹೋಗಿ ಕೊಟ್ಟಾಗ ಅವಳಿಗೆ ಮಾತಾಡಲು ಪುರಸೊತ್ತಿರಲಿಲ್ಲ. ತೆಳು ಚಪ್ಪಲಿ ಹಾಕಿಕೊಂಡು ಪಾಚಿಯ ಮೇಲೆ ಒಂದೊಂದೇ ಹೆಜ್ಜೆ ಊರಿ, ಅಂಗಾಲಿಗೆ ಏನಾದರೂ ತಗಲುತ್ತದೆಯೇ ಎಂದು ನೋಡುತ್ತಿದ್ದಳು. ತಗಲಿದಲ್ಲಿ ನಿಂತು, ಬಗ್ಗಿ, ಎರಡೂ ಕೈಯಿಂದ ಎಳೆಯುತ್ತಿದ್ದಳು.