ನಾನು ಕೇಳದ ನನ್ನ ಭಾಷಣ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಹಿಂದೆಲ್ಲ ಎದ್ದು ಹೋಗಿಬಿಡುತ್ತಿದ್ದೆ. ಹೇಳುವವನಿಗೆ ಜ್ವರ ಬಂದಿರಬೇಕು, ಇಲ್ಲವೆ ಕೇಳುವವರಿಗೆ ಬೇರೆ ಕೆಲಸವಿರಲಿಕ್ಕಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನನ್ನದೇ ಒಂದು ಸಂಗತಿಯನ್ನು ಹೇಳಲು ಕುಳಿತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ಹಲವರಿಗೆ ಹೇಳಿ, ಅವರು ನಕ್ಕಿದ್ದನ್ನು ನೋಡಿ ನೋಡಿ ನನಗೂ ದಣಿವಾಗಿದೆ.

ಇಪ್ಪತ್ತರ ದಶಕದ ಮಾತು. ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಊರು ಖಾನಾಪುರದಾಚೆಯ ಬೀಡಿ. ಅಪ್ಪ ತೀರಿಕೊಂಡಿದ್ದ. ಊಟಕ್ಕೆ ವಾರ ಹಚ್ಚಿಕೊಂಡಿದ್ದೆ. ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವಿಡೀ ಬೇರೆ ಬೇರೆಯವರ ಮನೆಯಲ್ಲಿ ಉಣ್ಣುವುದು. ಬಡ ಹುಡುಗರು ಆಗ ಹೀಗೆಯೇ ಓದುತ್ತಿದ್ದರು, ಅದರಲ್ಲಿ ನಾಚಿಕೊಳ್ಳುವಂಥದೇನೂ ಇಲ್ಲ ಎಂದು ಈಗ ಹೇಳಬಲ್ಲೆ. ಆಗ ಮಾತ್ರ ನಾಚಿಕೆಯಿಂದ ಸಾಯುತ್ತಿದ್ದೆ. ವಾರದ ಹುಡುಗ ಮೂಲೆಯಲ್ಲಿ ಕೂತು, ತಲೆ ಎತ್ತದೆ ಉಂಡು, ಎರಡನೆಯ ರೊಟ್ಟಿ ಬರುವ ಮೊದಲೇ ‘ಸಾಕು’ ಅನ್ನಬೇಕು. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ತಿಳಿಯುತ್ತಿತ್ತು. ಹಸಿವು ಹಾಗೆಯೇ ಇರುತ್ತಿತ್ತು. ವರ್ಷಗಟ್ಟಲೆ ಹೀಗೆ ಒಂದೇ ಮಾತಾಡಿಕೊಂಡು ಬೆಳೆದವನಿಗೆ ಶಾಲೆಯಲ್ಲೂ ಬಾಯಿ ಬರಲಿಲ್ಲ. ನಿಬಂಧ ಬರೆ ಎಂದರೆ ಚೆನ್ನಾಗಿ ಬರೆಯುತ್ತಿದ್ದೆ, ಎದ್ದು ನಿಂತು ಓದು ಎಂದರೆ ಹಾಳೆಯನ್ನು ಪಕ್ಕದವನ ಕೈಗೆ ಕೊಟ್ಟು ಕೂತುಬಿಡುತ್ತಿದ್ದೆ.

ನಮ್ಮ ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಹುಡುಗರ ಭಾಷಣಗಳು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಆಗುತ್ತಿದ್ದವು. ಕನ್ನಡದಲ್ಲಿಯೂ ಒಂದಿರಲಿ ಎಂದು ನಮ್ಮ ಕನ್ನಡ ಮಾಸ್ತರರು ಹೆಡ್ ಮಾಸ್ತರರ ಬೆನ್ನು ಬಿದ್ದು ಒಪ್ಪಿಸಿದರು. ಆರಿಸಿದ್ದು ನನ್ನನ್ನು.

“ನೋಡಪಾ, ಈ ಸಲ ನೋಡೂಣು ಅಂದಾರ,” ಎಂದರು ಮಾಸ್ತರರು. “ನೀ ಬಾಯಿ ಬಿಡದ ನಿಂತಿ ಅಂದ್ರ ಮುಂದ ನಮ್ಮ ಹುಡುಗ್ರಿಗೆ ಜಾಗಾನ ಇಲ್ಲ. ತಿಳೀತೊ ಇಲ್ಲೊ?”

“ತಿಳೀತ್ರಿ,” ಅಂದೆ. ತಿಳಿದದ್ದೇ ಕಷ್ಟವಾಯಿತು.

ವಿಷಯ ‘ವಿದ್ಯಾರ್ಥಿ ಜೀವನ’. ಭಾಷಣವನ್ನು ಮಾಸ್ತರರೇ ಬರೆದುಕೊಟ್ಟರು. ವಿದ್ಯಾರ್ಥಿ ಜೀವನವು ಬಾಳಿನ ಸುವರ್ಣಕಾಲ ಎಂದು ಅದು ಶುರುವಾಗುತ್ತಿತ್ತು. ನಾನು ಬಾಯಿಪಾಠ ಮಾಡಿದೆ. ವೇದಿಕೆ ಹತ್ತಲು ಕೋಟು ಬೇಕಿತ್ತು. ಬೀಡಿಯಲ್ಲಿ ಸೋದರಮಾವನ ಬಳಿ ಒಂದು ಕರಿ ಕೋಟಿತ್ತು. ಅದನ್ನು ತರಲು ಊರಿಗೆ ಹೋದೆ. ಸಮ್ಮೇಳನ ಸಂಜೆಗಿತ್ತು. ಆ ದಿನ ನಸುಕಿನಲ್ಲಿ ಹೊರಟು, ಕೋಟು ಹೆಗಲಿಗೆ ಹಾಕಿಕೊಂಡು ಕೆಂಪು ಧೂಳಿನಲ್ಲಿ ಖಾನಾಪುರದವರೆಗೆ ನಡೆದೆ. ಸ್ಟೇಶನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು, ಕಾಲಲ್ಲಿ ಜೀವವಿರಲಿಲ್ಲ.

ಖಾನಾಪುರದಲ್ಲಿ ಆಗ ಎರಡು ಗಾಡಿಗಳು ನಿಂತಿದ್ದವು. ಒಂದೇ ಹಳಿಯ ದಾರಿಯಾದ್ದರಿಂದ ಬೆಳಗಾವಿ ಕಡೆಯಿಂದ ಬಂದದ್ದೂ ಆ ಕಡೆಗೆ ಹೋಗುವುದೂ ಅಲ್ಲಿ ಒಂದನ್ನೊಂದು ದಾಟಿ ಹೋಗುತ್ತಿದ್ದವು. ಹತ್ತಿರ ನಿಂತದ್ದನ್ನು ಹತ್ತಿದೆ. ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ‘ಸುವರ್ಣಕಾಲ’ ಎಂದು ಮನಸ್ಸಿನಲ್ಲೇ ಶುರುಮಾಡಿದ್ದು ನೆನಪಿದೆ. ನಿದ್ದೆ ಹತ್ತಿತು.

ಎಚ್ಚರವಾದಾಗ ಕಿಟಕಿಯ ಹೊರಗೆ ದಟ್ಟ ಅಡವಿ. ಬೆಳಗಾವಿಯ ದಾರಿಯಲ್ಲಿ ಅಂಥ ಅಡವಿಯಿಲ್ಲ. ಗಾಬರಿಯಿಂದ ಇಳಿದೆ. ಗುಂಜಿ ಸ್ಟೇಶನ್ನು. ನಾನು ಹತ್ತಿದ್ದು ಉಲ್ಟಾ ಹೋಗುವ ಗಾಡಿ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದೀಪ ಹಚ್ಚುತ್ತಿದ್ದ. ಅವನನ್ನು ಕೇಳಿದೆ: “ಬೆಳಗಾವಿಗೆ ಗಾಡಿ ಯಾವಾಗ ಐತ್ರಿ?”

“ಆತಾ ಕುಠಲಿ ಗಾಡಿ, ಬಾಳಾ?” ಈಗೆಲ್ಲಿಯ ಗಾಡಿ, ಮಗೂ, ಎಂದು ಮರಾಠಿಯಲ್ಲಿ ಅಂದು, “ಇನ್ನ ನಾಳಿ ಮುಂಜಾನಿಗೆನ,” ಎಂದ.

ಅಲ್ಲಿದ್ದ ಬಾಕಿನ, ಅಂದರೆ ಬೆಂಚಿನ, ಮೇಲೆ ಕುಸಿದು ಅತ್ತೆ. ಅಲ್ಲಿ ಶಾಲೆಯಲ್ಲಿ ನನ್ನ ಹೆಸರು ಕೂಗುವ ಹೊತ್ತು ಅದು. ಮಾಸ್ತರರ ಮುಖ ಕಣ್ಣೆದುರು ಬಂತು. ಬಾಯಿಪಾಠದ ಒಂದು ಅಕ್ಷರವೂ ನೆನಪಾಗಲಿಲ್ಲ. ಬಂದದ್ದೆಲ್ಲ ಮಂಗಳವಾರದ ಮನೆ, ಬಾರದ ಎರಡನೆಯ ರೊಟ್ಟಿ. ಅಳುತ್ತಲೇ ಮಲಗಿಬಿಟ್ಟೆ. ಬೆಳಿಗ್ಗೆ ಏಳುವಾಗ ನನ್ನ ದನಿ ಪೂರ್ತಿ ಕಟ್ಟಿತ್ತು.

ಏಟು ತಿನ್ನಲು ಸಿದ್ಧನಾಗಿಯೇ ಶಾಲೆಗೆ ಹೋದೆ. ಬಾಗಿಲಲ್ಲಿ ನನ್ನ ಗೆಳೆಯ ಬಾಳ್ಯಾ ಓಡಿ ಬಂದು ಹೆಗಲು ಹಿಡಿದ. “ಏನ ಮಾತಾಡಿದೆಲೇ ನಿನ್ನಿ! ಹೆಡ್ ಮಾಸ್ತರ್ರ ಕಣ್ಣಾಗ ನೀರ ಬಂತಲ್ಲೊ!”

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಆದರೆ ಕನ್ನಡ ಮಾಸ್ತರರೂ ಬೆನ್ನ ಮೇಲೆ ಕೈಯಿಟ್ಟರು. “ನಾ ಬರದ ಕೊಟ್ಟದ್ದು ಒಂದ ಅಕ್ಷರ ಹೇಳಲಿಲ್ಲ ನೀ. ಛಲೋನ ಆತು. ಆದ್ರ ಕೋಟ ಹಾಕ್ಕೊಂಡ ಬರಬೇಕಾಗಿತ್ತು. ಬರೇ ಅಂಗಿ, ಕಾಲ ತುಂಬ ಧೂಳಾ!”

“ನಾ ಗುಂಜಿಯೊಳಗಿದ್ದೆ ರೀ, ಮಾಸ್ತರ್ರ,” ಅಂದೆ ಕಟ್ಟಿದ ದನಿಯಲ್ಲಿ.

“ಭಾಳ ದಣದೀದಿ. ಹೋಗಿ ಮಲಕ್ಕೊ,” ಎಂದು ನಕ್ಕರು. ಕರಿ ಕೋಟು ಆಗಲೂ ನನ್ನ ಮೈಮೇಲೇ ಇತ್ತು.

ಮುಂದೆ ಅವರಿವರಿಂದ ತುಣುಕು ತುಣುಕಾಗಿ ತಿಳಿದುಕೊಂಡೆ. ಅಂದು ವೇದಿಕೆ ಹತ್ತಿದ ಹುಡುಗ ದೀಪದ ಕೆಳಗೆ ನಿಂತು, ವಾರದ ಊಟದ ಬಗ್ಗೆ ಹೇಳಿದನಂತೆ. ಎಲ್ಲ ಮನೆಗಳಲ್ಲೂ ತಾನು ಆಡುವ ಮಾತು ಒಂದೇ, ಅದೂ ಸುಳ್ಳು ಎಂದನಂತೆ. ಇದನ್ನು ನಾನು ತಾಯಿಗೂ ಹೇಳಿದವನಲ್ಲ.

ಮಂಗಳವಾರ ಬಂತು. ಊಟಕ್ಕೆ ಕೂತೆ, ರೂಢಿಯಂತೆ ‘ಸಾಕ್ರಿ ಕಾಕು’ ಅಂದೆ. ಆ ಮನೆಯೊಡತಿ ಕಾಕು ಕೇಳಲಿಲ್ಲ, ತಾಟಿನಲ್ಲಿ ಬಿಸಿ ರೊಟ್ಟಿ ಹಾಕಿಯೇಬಿಟ್ಟರು. “ಸುಮ್ನ ಉಣ್ಣು. ನಮ್ಮ ಹುಡುಗ ಮನಿಗೆ ಬಂದು ಎಲ್ಲಾ ಹೇಳ್ಯಾನ.” ಅವರ ಕಣ್ಣೂ ತುಂಬಿತ್ತು. ನಾನು ತಲೆ ತಗ್ಗಿಸಿ ಉಂಡೆ. ಆ ದಿನ ಹೊಟ್ಟೆ ತುಂಬಿತು.

ಮರುವರ್ಷ ಕನ್ನಡಕ್ಕೆ ಕೇಳದೆಯೇ ಜಾಗ ಸಿಕ್ಕಿತು. ಮತ್ತೆ ನನ್ನನ್ನೇ ನಿಲ್ಲಿಸಿದರು. ಎರಡು ಮಾತಾಡಿ, ಮುಂದಿನದು ಬಾರದೆ ಇಳಿದುಬಂದೆ. ಆಮೇಲೆ ಸಭೆಯಲ್ಲಿ ಎದ್ದು ನಿಂತವನಲ್ಲ. ಕಚೇರಿಯೊಂದರಲ್ಲಿ ಕಾರಕೂನಕಿ ಮಾಡಿ, ಹೇಳಿದ್ದಕ್ಕೆಲ್ಲ ಹೂಂ ಎಂದು, ನಿವೃತ್ತನಾದೆ.

ನನ್ನಂತೆ ಕಾಣುವ ಬೇರೆ ಹುಡುಗನಿದ್ದನೇ? ಇದ್ದಿದ್ದರೆ ಬಾಳ್ಯಾನಿಗೆ ಗೊತ್ತಾಗುತ್ತಿರಲಿಲ್ಲವೇ? ನಾನೇ ಗುಂಜಿಯನ್ನು ಕನಸಿನಲ್ಲಿ ಕಂಡೆನೇ? ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೋಗಿ ಆ ಪಾಯಿಂಟ್ಸ್‌ಮನ್‌ನನ್ನೂ ಕೇಳಿದೆ. “ಕರೀ ಕೋಟಿನ ಹುಡುಗ ಹೌದಲ್ಲೊ? ಇದ ಬಾಕಿನ ಮ್ಯಾಲ ಅಳಕೋಂತ ಮಲಗಿದ್ದಿ. ನಾನ ಕಂಬಳಿ ಹೊಚ್ಚೇನಿ,” ಎಂದ.

ಅಂದು ಮಾತಾಡಿದವನು ಯಾರು ಎಂದು ತಿಳಿಯುವ ಹಟ ಈಗ ಉಳಿದಿಲ್ಲ, ಅಷ್ಟು ಶಕ್ತಿಯೂ ಇಲ್ಲ. ಅವನು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಬೇಕೆಂಬ ಆಸೆ ಮಾತ್ರ ಹೋಗಲೊಲ್ಲದು. ಕೇಳಿದವರು ಒಬ್ಬೊಬ್ಬರಾಗಿ ತೀರಿಹೋದರು. ಬಾಳ್ಯಾನಿಗೆ ಅರ್ಧ ಮರೆತಿದೆ. ಅಂದು ಸಂಜೆ ಇಡೀ ಶಾಲೆ ನನ್ನ ಮಾತು ಕೇಳಿತು. ಕೇಳದೆ ಉಳಿದವನು ನಾನೊಬ್ಬನೇ.