ಡುಮ್ಮಣ್ಣನ ಬುಧವಾರ

ದರ್ಜಿ ಅಕ್ಕನನ್ನು ಟಿವಿಯವರು ಕೆಲಸಕ್ಕೆ ಕರೆದದ್ದು ಹೊಲಿಯುವುದಕ್ಕೆ. ಮಕ್ಕಳ ಕಾರ್ಯಕ್ರಮದ ಕರಡಿ ಡುಮ್ಮಣ್ಣನ ವೇಷ ಹೊಲಿದವಳು ಅವಳೇ. ಮೊದಲ ದಿನವೇ ಅದನ್ನು ತೊಡಬೇಕಿದ್ದ ನಟ ಸೆಕೆಗೆ ತಲೆಸುತ್ತಿ ಕೂತುಬಿಟ್ಟ. ‘ಇವತ್ತೊಂದಿನ ನೀನೇ ಹಾಕ್ಕೊಳ್ಳಮ್ಮ’ ಎಂದರು ನಿರ್ದೇಶಕರು. ಆ ಒಂದು ದಿನ ಹನ್ನೊಂದು ವರ್ಷವಾಯಿತು.

ಡುಮ್ಮಣ್ಣನ ದಿನಚರಿಯೋ ಶಿಲಾಶಾಸನ. ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಎದ್ದು ಬಾಗಿಲು ತೆಗೆಯಬೇಕು, ಆಕಳಿಸಬೇಕು, ಎಡಗಾಲಿನ ಚಪ್ಪಲಿ ಹುಡುಕಬೇಕು, ಧೊಪ್ಪನೆ ಬೀಳಬೇಕು, ಕೈ ಬೀಸಬೇಕು. ಬದಲಾವಣೆಯ ಮಾತೆತ್ತಿದರೆ ನಿರ್ದೇಶಕರು ಮುಖ ಗಂಟುಹಾಕಿಕೊಳ್ಳುತ್ತಿದ್ದರು. ನಡುವೆ ಮಾತಾಡುವ ಮೊಲ, ಹಾಡುವ ಗಿಳಿ ಎಂದು ಏನೇನೋ ತಂದು ನೋಡಿದ್ದಾಗಿತ್ತು. ಮಕ್ಕಳು ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಇಡೀ ಚಾನೆಲ್ಲು ಒಂದು ಕರಡಿಯ ಬೆನ್ನೇರಿ ಕೂತಿತ್ತು. ಆ ಬೆನ್ನು ಅಕ್ಕನದು. ಅದಕ್ಕೀಗ ನಲವತ್ತೆಂಟು ವರ್ಷ.

ಒಂದು ಬುಧವಾರ ಅವಳ ಸೊಂಟ ಹಿಡಿದುಕೊಂಡಿತು. ಬೀಳುವ ಹೊತ್ತಿಗೆ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. ನೇರ ಪ್ರಸಾರ, ಅಳಿಸುವಂತಿಲ್ಲ.

ಐದು ನಿಮಿಷದಲ್ಲಿ ಫೋನುಗಳು ಬಡಿದುಕೊಳ್ಳತೊಡಗಿದವು. ಒಬ್ಬ ಅಜ್ಜಿಯಂತೂ ಬಿಡಲೇ ಇಲ್ಲ. ‘ನಿಮ್ಮ ಕರಡಿ ಬೀಳ್ಲಿಲ್ಲ ಅಂತ ನಮ್ಮ ಮೊಮ್ಮಗಳು ಬಾಯಿ ತೆಗೀತಿಲ್ಲ. ತುತ್ತು ಕೈಯಲ್ಲೇ ಇದೆ. ಈಗ್ಲೇ ಬೀಳಿಸಿ.’

ನಿರ್ದೇಶಕರು ಓಡಿಬಂದರು. ‘ನಾಳೆ ಎರಡು ಸಲ ಬೀಳಮ್ಮ. ಇವತ್ತಿಂದೂ ಸೇರಿ ಆಗ್ಹೋಗುತ್ತೆ.’

ಅಕ್ಕ ಕರಡಿಯ ತಲೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹನ್ನೊಂದು ವರ್ಷ ಬರೀ ಹೂಂ ಅಂದಿದ್ದ ಬಾಯಿ ಅವಳದು. ‘ಬೀಳ್ತೀನಿ ಸಾರ್. ಆದ್ರೆ ಬುಧವಾರ ಬುಧವಾರ ಡುಮ್ಮಣ್ಣ ಮಲಗಿರ್ತಾನೆ. ಆಗಲ್ಲ ಅಂದ್ರೆ ವೇಷ ಇಲ್ಲಿದೆ, ನೀವೇ ಹಾಕ್ಕೊಳ್ಳಿ. ಹೊಟ್ಟೆ ಹತ್ರ ಸ್ವಲ್ಪ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತೀನಿ.’

ನಿರ್ದೇಶಕರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಒಪ್ಪಿದರು.

ಮುಂದಿನ ಬುಧವಾರ ಡುಮ್ಮಣ್ಣ ಬಾಗಿಲು ತೆಗೆದು, ಆಕಳಿಸಿ, ಮತ್ತೆ ಮಂಚದ ಮೇಲೆ ಉರುಳಿಕೊಂಡ. ನಟನೆಗೆಂದು ಕಣ್ಣು ಮುಚ್ಚಿದ ಅಕ್ಕನಿಗೆ ನಿಜವಾಗಿಯೇ ನಿದ್ದೆ ಹತ್ತಿತು. ಗೊರಕೆ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಫೋನಿನ ಪಕ್ಕ ಕೂತರು. ಒಂದು ಕರೆಯೂ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಟಿವಿಯೆದುರೇ ಚಾಪೆ ಹಾಸಿಕೊಂಡು ಮಲಗಿಬಿಟ್ಟಿದ್ದರಂತೆ. ಅಮ್ಮಂದಿರು ಸದ್ದಿಲ್ಲದೆ ಬಿಸಿಬಿಸಿ ಕಾಫಿ ಕುಡಿದರಂತೆ.

ಸೊಂಟ ಸರಿಹೋದ ಮೇಲೆ ಅಕ್ಕನೇ ಒಂದು ದಿನ ಕೇಳಿದಳು: ‘ಈ ಬುಧವಾರ ಸ್ವಲ್ಪ ಕುಣೀಲಾ ಸಾರ್?’

‘ಬುಧವಾರ ಕುಣಿಯೋದಾ?’ ನಿರ್ದೇಶಕರು ಗಾಬರಿಯಾದರು. ‘ಮಕ್ಕಳು ಸುಮ್ನೆ ಬಿಡ್ತಾರಾ? ತೆಪ್ಪಗೆ ಮಲಕ್ಕೋ.’

ಮಾರನೆಯ ವಾರ ಅಕ್ಕ ಮನೆಯಿಂದ ತನ್ನದೇ ದಿಂಬು ತಂದಳು.